ಕೆನ್ನೆಯೊಳಗಿನ ತಂಬಾಕಿಗೆ ಹೊಸ ಕಾನೂನು ಮುಟ್ಟೀತೇ?

ಕರ್ನಾಟಕದಲ್ಲಿ ಈಗ ಅಂಗಡಿಯವರು ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ. 2025ರ ಮೇ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯ ಪ್ರಕಾರ, ಬೇಕಾದವರು ಇಡೀ ಪ್ಯಾಕನ್ನೇ ಕೊಳ್ಳಬೇಕು. ಜೇಬಿನಲ್ಲಿ ಇಪ್ಪತ್ತು ರೂಪಾಯಿ ಇಟ್ಟುಕೊಂಡ ಹುಡುಗ ‘ಒಂದು ಸೇದಿ ನೋಡೋಣ’ ಎಂದು ಅಂಗಡಿಗೆ ಬಂದರೆ ಬರಿಗೈಯಲ್ಲಿ ಹೋಗಲಿ ಎಂಬುದು ಇದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಅದೇ ಅಂಗಡಿಯ ಮುಂದೆ ಸರಸರವಾಗಿ ತೂಗುವ, ಜಗಿಯುವ ತಂಬಾಕಿನ ಪೊಟ್ಟಣಗಳಿಗೆ ಈ ನಿಯಮದಿಂದ ಏನೂ ಆಗುವುದಿಲ್ಲ. ಐದು ರೂಪಾಯಿಯ ಪೊಟ್ಟಣ ಕಾನೂನಿನ ಲೆಕ್ಕದಲ್ಲಿ ಪೂರ್ತಿ ಪ್ಯಾಕ್. ಸಿಗರೇಟಿಗೆ ಮುಚ್ಚಿದ ಬಾಗಿಲು ಜರ್ದಾಕ್ಕೆ ತೆರೆದೇ ಇದೆ.

ತಂಬಾಕಿನ ವಿಚಾರದಲ್ಲಿ ನಾವು ಮಾಡುವ ಕಾನೂನುಗಳು ಬಹುಮಟ್ಟಿಗೆ ಹೊಗೆಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ನಮ್ಮ ಜನ ತಂಬಾಕು ಬಳಸುವ ರೀತಿ ಹಾಗಿಲ್ಲ. 2016-17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದವರ ಪೈಕಿ ಸೇದುವವರು ಶೇ 10.7 ಇದ್ದರೆ, ಜಗಿಯುವ, ತುಟಿಯಡಿ ಇಡುವ, ಹಲ್ಲಿಗೆ ಉಜ್ಜುವ, ಮೂಗಿಗೆ ಏರಿಸುವವರು ಶೇ 21.4. ತಲೆ ಎಣಿಸಿದರೆ ಸುಮಾರು 20 ಕೋಟಿ. ಕರ್ನಾಟಕದಲ್ಲಿ ಸೇದುವವರು ಶೇ 8.8, ಹೊಗೆರಹಿತ ತಂಬಾಕಿನವರು ಶೇ 16.3. ಅಂದರೆ ನಮ್ಮಲ್ಲೂ ಹೆಚ್ಚುಕಡಿಮೆ ಎರಡು ಪಟ್ಟು. ಇದರಲ್ಲಿ ಗುಟ್ಕಾ, ಜರ್ದಾ, ಖೈನಿ ಮಾತ್ರ ಇವೆ ಎಂದಲ್ಲ. ಅಜ್ಜಿಯ ಎಲೆಅಡಿಕೆ ಚೀಲದ ಹೊಗೆಸೊಪ್ಪು, ಹಳೇ ಮೈಸೂರು ಕಡೆಯ ಕಡ್ಡಿಪುಡಿ, ಮಹಾರಾಷ್ಟ್ರದ ಗಡಿಯುದ್ದಕ್ಕೂ ಹೆಂಗಸರು ಹಲ್ಲಿಗೆ ಉಜ್ಜುವ ಮಿಶ್ರಿ, ವಯಸ್ಸಾದವರ ಡಬ್ಬಿಯ ನಶ್ಯ, ಎಲ್ಲವೂ ಇದರಲ್ಲಿ ಸೇರುತ್ತವೆ. ಹೊಸ ನಿಯಮಗಳು ಈ ಒಬ್ಬೊಬ್ಬರ ಮೇಲೂ ಬೇರೆಬೇರೆ ರೀತಿಯಲ್ಲಿ ಬೀಳುತ್ತವೆ. ಕೆಲವರ ಮೇಲೆ ಬೀಳುವುದೇ ಇಲ್ಲ.

ಮೊದಲು 2013ಕ್ಕೆ ಹೋಗಬೇಕು. ಈಗಿನ ನಿಯಮಗಳ ಗತಿ ಏನಾದೀತು ಎಂಬ ಸುಳಿವು ಅಲ್ಲಿದೆ. ಯಾವ ಆಹಾರ ಪದಾರ್ಥದಲ್ಲೂ ತಂಬಾಕು ಅಥವಾ ನಿಕೋಟಿನ್ ಬೆರೆಸಕೂಡದು ಎಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ನಿಯಮ ಬಂತು. ಅಡಿಕೆ ಚೂರು, ಕಾಚು, ಸುಣ್ಣ, ಪರಿಮಳದ ಜತೆ ತಂಬಾಕು ಬೆರೆಸಿದ್ದೇ ಗುಟ್ಕಾ ಆದ್ದರಿಂದ ಅದು ಈ ನಿಯಮಕ್ಕೆ ಸಿಕ್ಕಿಬಿತ್ತು. 2012ರಲ್ಲಿ ಮಧ್ಯಪ್ರದೇಶ ಈ ಅಸ್ತ್ರ ಹಿಡಿದು ಗುಟ್ಕಾ ನಿಷೇಧಿಸಿತು. ಬೇರೆ ರಾಜ್ಯಗಳು ಹಿಂಬಾಲಿಸಿದವು. 2013ರ ಮೇ ಕೊನೆಯಲ್ಲಿ ಕರ್ನಾಟಕವೂ ನಿಷೇಧಿಸಿತು. ಆಮೇಲೆ ಆದದ್ದನ್ನು ನೋಡಲು ಯಾವುದೇ ಬಸ್ ನಿಲ್ದಾಣದ ಬೀಡಾ ಅಂಗಡಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಗಿರಾಕಿ ಹೆಸರು ಹೇಳುವುದೂ ಇಲ್ಲ, ‘ಒಂದು ಸೆಟ್ ಕೊಡಣ್ಣ’ ಎನ್ನುತ್ತಾನೆ. ಅಂಗಡಿಯವನು ಒಂದು ಸರದಿಂದ ಪಾನ್ ಮಸಾಲಾ ಪೊಟ್ಟಣ, ಇನ್ನೊಂದು ಸರದಿಂದ ಅದಕ್ಕಿಂತ ಚಿಕ್ಕದಾದ ಜರ್ದಾ ಪೊಟ್ಟಣ ಹರಿದು ಕೊಡುತ್ತಾನೆ. ಗಿರಾಕಿ ದೊಡ್ಡದರ ಮೂಲೆಯನ್ನು ಹಲ್ಲಿನಿಂದ ಕಚ್ಚಿ ತೆರೆದು, ಚಿಕ್ಕದನ್ನು ಅದರೊಳಕ್ಕೆ ಸುರಿದು, ಬಾಯಿ ಮಡಿಚಿ ನಾಲ್ಕು ಸಲ ಕುಲುಕಿ, ತಲೆ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಕಾರ್ಖಾನೆಯಲ್ಲಿ ಆಗುತ್ತಿದ್ದ ಬೆರಕೆ ಈಗ ಅವನ ಅಂಗೈಯಲ್ಲಿ ಆಗುತ್ತದೆ. ಪಾನ್ ಮಸಾಲಾದಲ್ಲಿ ತಂಬಾಕಿಲ್ಲ, ಹಾಗಾಗಿ ಅದು ಆಹಾರ. ಜರ್ದಾ ಬರೀ ತಂಬಾಕು, ಹಾಗಾಗಿ ಅದು ಆಹಾರವಲ್ಲ. ಎರಡನ್ನೂ ಬೇರೆಬೇರೆಯಾಗಿ ಮಾರಲು ಅಡ್ಡಿಯಿಲ್ಲ ಎಂಬುದು ತಯಾರಕರ ವಾದ. ಈ ಜೋಡಿ ಪೊಟ್ಟಣದ ಉಪಾಯ 2016ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನಿಷೇಧವನ್ನು ನಿಜವಾಗಿ ಪಾಲಿಸಿ ಎಂದು ಕೋರ್ಟು ರಾಜ್ಯಗಳಿಗೆ ತಾಕೀತು ಮಾಡಿತು. ಪೊಟ್ಟಣಗಳು ಇಂದಿಗೂ ತೂಗುತ್ತಲೇ ಇವೆ.

ನಿಷೇಧದ ಬುಡವೂ ಅಷ್ಟು ಗಟ್ಟಿಯಿಲ್ಲ. ಜನರ ಆರೋಗ್ಯದ ದೃಷ್ಟಿಯಿಂದ ಒಂದು ಪದಾರ್ಥವನ್ನು ನಿಷೇಧಿಸಲು ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೆ ಕಾಯ್ದೆಯ 30ನೇ ಕಲಂ ಕೊಡುವ ಅಧಿಕಾರ ಹೆಚ್ಚೆಂದರೆ ಒಂದು ವರ್ಷದ್ದು. ಅದನ್ನೇ ವರ್ಷವರ್ಷವೂ ಮುಂದುವರಿಸಿಕೊಂಡು ಹೋಗುವುದು ಸರಿಯೇ ಎಂಬುದು ತಯಾರಕರು ಕೋರ್ಟುಗಳಲ್ಲಿ ಎತ್ತುತ್ತ ಬಂದ ಪ್ರಶ್ನೆ. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2022ರಲ್ಲಿ ಅಲ್ಲಿನ ನಿಷೇಧವನ್ನು ರದ್ದು ಮಾಡಿತು. ವಿಭಾಗೀಯ ಪೀಠ 2023ರಲ್ಲಿ ಅದನ್ನು ತಿರುಗಿಸಿ ನಿಷೇಧವನ್ನು ಎತ್ತಿಹಿಡಿಯಿತು. ಮದ್ರಾಸ್ ಹೈಕೋರ್ಟ್ 2023ರ ಜನವರಿಯಲ್ಲಿ ತಮಿಳುನಾಡಿನ ನಿಷೇಧ ರದ್ದುಪಡಿಸಿತು, ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನಮ್ಮ ರಾಜ್ಯದ ಹೈಕೋರ್ಟಿನಲ್ಲೂ ತಂಬಾಕಿನ ದೊಡ್ಡ ಹೋರಾಟವೊಂದು ನಡೆದಿದೆ. ಪೊಟ್ಟಣದ ಶೇ 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರವೇ ತುಂಬಬೇಕೆಂಬ ನಿಯಮವನ್ನು ಪ್ರಶ್ನಿಸಿ ದೇಶದ ಹಲವೆಡೆ ದಾಖಲಾಗಿದ್ದ ಮೊಕದ್ದಮೆಗಳನ್ನು ಸುಪ್ರೀಂ ಕೋರ್ಟ್ ಇಲ್ಲಿಗೇ ವರ್ಗಾಯಿಸಿತ್ತು. 2017ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿದ್ದರಿಂದ ಚಿತ್ರ ಉಳಿಯಿತು.

ಆ ಚಿತ್ರ ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಆದರೆ ಸಿಗರೇಟಿನವರ ಮೇಲೆ ಮಾಡಿದಷ್ಟಲ್ಲ. ಪ್ಯಾಕಿನ ಮೇಲಿನ ಚಿತ್ರ ನೋಡಿ ಬಿಡಬೇಕೆಂದುಕೊಂಡೆ ಎಂದವರು ಸಿಗರೇಟು ಸೇದುವವರಲ್ಲಿ ಶೇ 61.9, ಹೊಗೆರಹಿತ ತಂಬಾಕಿನವರಲ್ಲಿ ಶೇ 46.2 ಎಂದು ಅದೇ ಸಮೀಕ್ಷೆ ಹೇಳುತ್ತದೆ. ಸಿಗರೇಟಿನ ಪ್ಯಾಕ್ ದಿನವಿಡೀ ಜೇಬಿನಲ್ಲಿದ್ದು ಪ್ರತಿ ಸಲವೂ ಮುಖ ತೋರಿಸುತ್ತದೆ. ಜರ್ದಾದ ಪೊಟ್ಟಣ ಹೆಬ್ಬೆರಳಿನಷ್ಟು, ಹರಿದ ಮರುಕ್ಷಣ ನೆಲಕ್ಕೆ. ಸಂತೆಯಲ್ಲಿ ಗೋಣಿತಾಟಿನ ಮೇಲೆ ಹರಡಿಟ್ಟ ಹೊಗೆಸೊಪ್ಪಿಗಂತೂ ಪೊಟ್ಟಣವೇ ಇಲ್ಲ. ಮಾರುವವನು ಎಲೆಯನ್ನು ತುಂಡು ಮಾಡಿ ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಅದರ ಮೇಲೆ ಚಿತ್ರವಿಲ್ಲ, ಬೆಲೆಯಿಲ್ಲ, ತಯಾರಕರ ಹೆಸರೂ ಇಲ್ಲ.

ಇನ್ನು ಬಾಯೊಳಗೆ ಏನಾಗುತ್ತದೆ ಎಂಬ ಮಾತು. ‘ನಾನೇನು ಸೇದುವುದಿಲ್ಲವಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವ ತುಂಬ ಜನರಿಗೆ ಇದು ಸರಿಯಾಗಿ ತಿಳಿದಿಲ್ಲ. ತಂಬಾಕಿನ ಜತೆ ಸುಣ್ಣ ಏಕೆ ಬೇಕು? ಸುಣ್ಣ ಕ್ಷಾರ. ಕ್ಷಾರ ಹೆಚ್ಚಾದಂತೆ ತಂಬಾಕಿನ ನಿಕೋಟಿನ್ ಬಾಯಿಯ ಒಳಚರ್ಮವನ್ನು ಸುಲಭವಾಗಿ ದಾಟುವ ರೂಪಕ್ಕೆ ಬರುತ್ತದೆ, ನೇರ ರಕ್ತಕ್ಕೆ ಇಳಿಯುತ್ತದೆ. ಅಂಗೈಯಲ್ಲಿ ಸುಣ್ಣ ಹಾಕಿ ಹೆಬ್ಬೆರಳಿನಿಂದ ತಿಕ್ಕುವವನಿಗೆ ರಸಾಯನಶಾಸ್ತ್ರ ಗೊತ್ತಿಲ್ಲದಿದ್ದರೂ ‘ಕಿಕ್’ ಗೊತ್ತಿದೆ. ಸಿಗರೇಟು ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಕೆನ್ನೆಯ ಸಂದಿನಲ್ಲಿ ಇಟ್ಟದ್ದು ಅರ್ಧ ಗಂಟೆ, ಮುಕ್ಕಾಲು ಗಂಟೆ ಅಲ್ಲೇ ಕೂರುತ್ತದೆ. ಕೆಲವರು ಇಟ್ಟುಕೊಂಡೇ ನಿದ್ದೆ ಹೋಗುತ್ತಾರೆ. ಅಷ್ಟು ಹೊತ್ತೂ ಅದರಲ್ಲಿರುವ ನೈಟ್ರೋಸಮೈನ್‌ಗಳು ಅದೇ ಜಾಗದ ಜೀವಕೋಶಗಳನ್ನು ಕೆಡಿಸುತ್ತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆರಹಿತ ತಂಬಾಕನ್ನೂ, ತಂಬಾಕಿಲ್ಲದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಅದೇ ಸಂಸ್ಥೆಯ ತಜ್ಞರು 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಕಂಡ ಬಾಯಿ ಕ್ಯಾನ್ಸರುಗಳಲ್ಲಿ ಸುಮಾರು 1 ಲಕ್ಷ 20 ಸಾವಿರಕ್ಕೆ ಇವೆರಡೇ ಕಾರಣ. ಅದರಲ್ಲಿ 83 ಸಾವಿರಕ್ಕೂ ಹೆಚ್ಚು ಭಾರತದಲ್ಲೇ.

ಕ್ಯಾನ್ಸರಿಗೂ ಮೊದಲು ಬರುವ ಇನ್ನೊಂದು ಕಾಯಿಲೆ ಇದೆ. ಅಡಿಕೆ ಬೆರೆತ ಪೊಟ್ಟಣಗಳನ್ನು ವರ್ಷಗಟ್ಟಲೆ ಜಗಿದವರ ಕೆನ್ನೆಯ ಒಳಭಾಗ ಬೆಳ್ಳಗೆ ಬಿಳುಚಿಕೊಂಡು ನಾರುನಾರಾಗಿ ಬಿಗಿಯುತ್ತದೆ. ಖಾರ ತಗುಲಿದರೆ ಉರಿ. ಬಾಯಿ ಅಗಲಿಸಲು ಬರುವುದಿಲ್ಲ. ದಂತವೈದ್ಯರು ಇದನ್ನು ಸುಲಭವಾಗಿ ಪರೀಕ್ಷಿಸುತ್ತಾರೆ: ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಿ ನೋಡಿ. ಆರೋಗ್ಯವಂತರಿಗೆ ಮೂರೂ ಹೋಗುತ್ತವೆ. ಎರಡೇ ಹೋದರೆ ತಡಮಾಡದೆ ತೋರಿಸಬೇಕು. ಇಪ್ಪತ್ತೈದು ದಾಟದ ಹುಡುಗರಲ್ಲೂ ಇದು ಕಾಣುತ್ತದೆ. ಒಮ್ಮೆ ಬಿಗಿದ ಕೆನ್ನೆ ಮೊದಲಿನಂತೆ ಸಡಿಲವಾಗುವುದು ಬಹಳ ಕಷ್ಟ. ಇದನ್ನು ಓದುವವರ ಮನೆಯಲ್ಲಿ ಪೊಟ್ಟಣದ ಚಟದವರಿದ್ದರೆ ಇವತ್ತೇ ಈ ಪರೀಕ್ಷೆ ಮಾಡಿಸಲಿ.

ಈಗ 2025ರ ಕಾಯ್ದೆಗೆ ಬರೋಣ. ತಂಬಾಕಿನ ಜಾಹೀರಾತು, ಮಾರಾಟಗಳನ್ನು ನಿಯಂತ್ರಿಸುವ 2003ರ ಕೇಂದ್ರ ಕಾಯ್ದೆಗೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿ ಇದು. ಕೇಂದ್ರದ ಕಾನೂನನ್ನು ರಾಜ್ಯ ತಿದ್ದುವುದರಿಂದ ರಾಷ್ಟ್ರಪತಿಯವರ ಅಂಕಿತ ಬೇಕಿತ್ತು. 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ಒಪ್ಪಿದ ಮಸೂದೆ ಜಾರಿಗೆ ಬರಲು ಹದಿನೈದು ತಿಂಗಳು ಹಿಡಿಯಿತು. ಹುಕ್ಕಾ ಬಾರ್‌ಗಳ ನಿಷೇಧವೇ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಜಗಿಯುವವರಿಗೆ ಸಂಬಂಧಪಟ್ಟ ಮೂರು ಅಂಶ ಅದರಲ್ಲಿವೆ. ಯಾವ ತಂಬಾಕನ್ನೇ ಆಗಲಿ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಮೊದಲು ಈ ಮಿತಿ 18 ಇತ್ತು. ಶಿಕ್ಷಣ ಸಂಸ್ಥೆಗಳ ಸುತ್ತ 100 ಮೀಟರ್ ಒಳಗೆ ಮಾರಾಟವಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಷ್ಟೇ ಅಲ್ಲ, ತಂಬಾಕು ಉಗುಳುವುದೂ ಅಪರಾಧ. 200 ರೂಪಾಯಿ ಇದ್ದ ದಂಡ ಈಗ ಸಾವಿರದವರೆಗೆ.

ಈ ಮೂರರಲ್ಲಿ ನನಗೆ ಹೆಚ್ಚು ಭರವಸೆ ಇರುವುದು 21ರ ಮೇಲೆ. ಹೊಗೆರಹಿತ ತಂಬಾಕಿನ ಚಟ ಹತ್ತುವುದು ಸಾಮಾನ್ಯವಾಗಿ ಹದಿಹರೆಯದಲ್ಲಿ, ಗೆಳೆಯನ ಕೈಯಿಂದ. ಹದಿನೆಂಟರ ಮಿತಿ ಇದ್ದಾಗ ಪಿಯುಸಿ ಮುಗಿಸಿದ ಹುಡುಗ ತಾನೂ ಕೊಂಡು ಚಿಕ್ಕವರಿಗೂ ಕೊಡಬಲ್ಲವನಾಗಿದ್ದ. ಈಗ ಡಿಗ್ರಿ ಕಾಲೇಜಿನ ಬಹುಪಾಲು ಹುಡುಗರು ಕೊಳ್ಳುವ ಹಕ್ಕಿನಿಂದಲೇ ಹೊರಗೆ. ಪಾಲನೆ ಹೇಗೆಂಬುದು ಪ್ರಶ್ನೆಯೇ, ಗೂಡಂಗಡಿಯಲ್ಲಿ ಯಾರೂ ಆಧಾರ್ ಕೇಳುವುದಿಲ್ಲ. ಆದರೂ ‘ನಿನಗೆ ಕೊಡೋ ಹಾಗಿಲ್ಲಪ್ಪ’ ಎನ್ನಲು ಮನಸ್ಸಿರುವ ಅಂಗಡಿಯವನಿಗೆ ಕಾನೂನಿನ ಬೆಂಬಲ ಸಿಕ್ಕಿದೆ. ಅಂಥವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಇದ್ದಾರೆ.

ಉಗುಳುವುದಕ್ಕೆ ದಂಡ ಹಾಕುವುದು ಬೀದಿಯ ದೃಷ್ಟಿಯಿಂದ ಸರಿ, ಕ್ಷಯದಂಥ ರೋಗಗಳ ಭಯದಿಂದಲೂ ಸರಿ. ಬಳಸುವವನ ಆರೋಗ್ಯದ ದೃಷ್ಟಿಯಿಂದ ಮಾತ್ರ ಇದರಲ್ಲಿ ಒಂದು ಅಪಾಯವಿದೆ. ಕಾನೂನು ಹಿಡಿಯುವುದು ಉಗುಳನ್ನು, ಬಾಯಲ್ಲಿ ಇಟ್ಟುಕೊಂಡಿರುವುದನ್ನಲ್ಲ. ದಂಡಕ್ಕೆ ಹೆದರಿದವನು ಉಗುಳದೆ ನುಂಗಬಹುದು, ಅಥವಾ ಹೆಚ್ಚು ಉಗುಳು ಬರಿಸದ ನಮೂನೆಗೆ ಹೊರಳಬಹುದು. ಹತ್ತಿಯಂಥ ಪುಟ್ಟ ಚೀಲದಲ್ಲಿ ತುಂಬಿದ ಫಿಲ್ಟರ್ ಖೈನಿ ಮಾರುಕಟ್ಟೆಯಲ್ಲಿ ಆಗಲೇ ಇದೆ. ತುಟಿಯಡಿ ಇಟ್ಟರೆ ಎದುರಿಗಿದ್ದವರಿಗೂ ಗೊತ್ತಾಗುವುದಿಲ್ಲ. ಹೊಗೆರಹಿತ ತಂಬಾಕು ಬಾಯಿಗಷ್ಟೇ ಅಲ್ಲ, ಅನ್ನನಾಳಕ್ಕೂ ಮೇದೋಜ್ಜೀರಕ ಗ್ರಂಥಿಗೂ ಕ್ಯಾನ್ಸರ್ ತರುತ್ತದೆ ಎಂಬುದು ಸಿದ್ಧಪಟ್ಟ ವಿಷಯ. ಗೋಡೆ ಚೊಕ್ಕಟವಾದರೆ ಸಂತೋಷ, ಆದರೆ ಅದನ್ನೇ ಆರೋಗ್ಯ ಎಂದುಕೊಳ್ಳಬಾರದು.

ಬೆಲೆಯ ಕಡೆಯಿಂದ ಇನ್ನೊಂದು ಪೆಟ್ಟು ಬಿದ್ದಿದೆ. 2026ರ ಫೆಬ್ರವರಿ 1ರಿಂದ ತಂಬಾಕು ಪದಾರ್ಥಗಳ ಮತ್ತು ಪಾನ್ ಮಸಾಲಾದ ಮೇಲಿನ ಜಿಎಸ್‌ಟಿ ಶೇ 40ಕ್ಕೆ ಏರಿತು, ಬೀಡಿಗೆ ಮಾತ್ರ ಶೇ 18. ಹಿಂದಿನ ಪರಿಹಾರ ಸೆಸ್ ಹೋಗಿ, ತಂಬಾಕಿಗೆ ಅಬಕಾರಿ ಸುಂಕವೂ ಪಾನ್ ಮಸಾಲಾಕ್ಕೆ ಆರೋಗ್ಯ ಮತ್ತು ರಾಷ್ಟ್ರೀಯ ಭದ್ರತೆಯ ಹೆಸರಿನ ಹೊಸ ಸೆಸ್ಸೂ ಬಂದವು. ಇದರಲ್ಲಿ ಕುತೂಹಲದ ಸಂಗತಿ ಲೆಕ್ಕ ಹಾಕುವ ವಿಧಾನ. ಎಷ್ಟು ಪೊಟ್ಟಣ ಮಾರಿದೆ ಎಂದು ಕಾರ್ಖಾನೆ ಹೇಳುವ ಮಾತನ್ನು ನಂಬುವ ಬದಲು, ಪ್ಯಾಕಿಂಗ್ ಯಂತ್ರ ನಿಮಿಷಕ್ಕೆ ಎಷ್ಟು ಪೊಟ್ಟಣ ಕಟ್ಟಬಲ್ಲದು ಎಂಬುದರ ಮೇಲೆ ತೆರಿಗೆ. ಜಗಿಯುವ ತಂಬಾಕು, ಜರ್ದಾ, ಗುಟ್ಕಾಗಳ ಸುಂಕಕ್ಕೂ ಇದೇ ಬಗೆಯ ನಿಯಮ. ಬಿಲ್ಲಿಲ್ಲದೆ ಹೊರಬೀಳುವ ಪೊಟ್ಟಣಗಳನ್ನು ಎಣಿಸುವುದು ಅಸಾಧ್ಯ, ಯಂತ್ರವನ್ನು ಎಣಿಸಬಹುದು. ನಿಷೇಧವಾಗಿರುವ ಗುಟ್ಕಾಕ್ಕೆ ಸುಂಕದ ದರ ನಿಗದಿಯಾಗಿರುವುದನ್ನು ನೋಡಿ ಓದುಗರಿಗೆ ಗೊಂದಲವಾಗಬಹುದು. ನಿಷೇಧ ಹೊರಡಿಸುವುದು ರಾಜ್ಯಗಳು, ಸುಂಕ ಹಾಕುವುದು ಕೇಂದ್ರ. ಎರಡೂ ಒಟ್ಟೊಟ್ಟಿಗೇ ಕಾಗದದ ಮೇಲಿವೆ.

ತಂಬಾಕು ದುಬಾರಿಯಾದರೆ ಬಳಕೆ ತಗ್ಗುತ್ತದೆ, ಅದರಲ್ಲೂ ಎಳೆಯರಲ್ಲಿ ಮತ್ತು ಬಡವರಲ್ಲಿ. ಇದು ಅನೇಕ ದೇಶಗಳಲ್ಲಿ ರುಜುವಾತಾದದ್ದು. ಪೊಟ್ಟಣದ ಲೋಕದಲ್ಲಿ ಬೆಲೆ ಮಾತ್ರ ಸುಲಭವಾಗಿ ಅಲುಗುವುದಿಲ್ಲ. ಐದು, ಹತ್ತು ರೂಪಾಯಿಯ ನಾಣ್ಯಕ್ಕೆ ಹೊಂದಿಕೊಂಡ ವ್ಯಾಪಾರ ಅದು. ಬೆಲೆ ಹಾಗೇ ಇಟ್ಟು ತೂಕ ಇಳಿಸುವುದು ತಯಾರಕರಿಗೆ ಗೊತ್ತಿರುವ ದಾರಿ. ಎಷ್ಟೇ ಚಿಕ್ಕದಿರಲಿ, ಪಾನ್ ಮಸಾಲಾದ ಪ್ರತಿ ಪೊಟ್ಟಣದ ಮೇಲೂ ಮಾರಾಟ ಬೆಲೆ ಮುದ್ರಿಸಲೇಬೇಕೆಂಬ ನಿಯಮವೂ ಅದೇ ಫೆಬ್ರವರಿಯಲ್ಲಿ ಬಂದಿದೆ. 10 ಗ್ರಾಂ ಮತ್ತು ಅದಕ್ಕಿಂತ ಕಡಿಮೆಯವಕ್ಕೆ ಮುಂಚೆ ಇದ್ದ ವಿನಾಯಿತಿ ಹೋಗಿದೆ. ಗ್ರಾಹಕನಿಗೆ ಕಾಣುವ ಬೆಲೆಯೇ ತೆರಿಗೆಯವರಿಗೂ ಕಾಣಲಿ ಎಂಬ ಈ ಕ್ರಮ ಸಣ್ಣದಾಗಿ ಕಂಡರೂ ಉಪಯೋಗದ್ದು.

ಆದರೆ ಚಟ ಹತ್ತಿದವನು ದುಬಾರಿಯಾಯಿತೆಂದು ಬಿಟ್ಟುಬಿಡುತ್ತಾನೆಂದು ತಿಳಿಯುವಂತಿಲ್ಲ. ಮನೆಯ ಬೇರೆ ಖರ್ಚು ಹಿಡಿದಾನು, ಅಗ್ಗದ್ದಕ್ಕೆ ಇಳಿದಾನು. ಅಗ್ಗದ್ದು ನಮ್ಮಲ್ಲಿ ಎಲ್ಲ ಕಡೆಯೂ ಇದೆ: ಬಿಡಿ ಹೊಗೆಸೊಪ್ಪು, ಕಡ್ಡಿಪುಡಿ, ಹೆಸರಿಲ್ಲದ ಪೊಟ್ಟಣ. ಯಂತ್ರವೇ ಇಲ್ಲದೆ ಮನೆಯಲ್ಲಿ ಕಟ್ಟಿದ್ದರ ಮೇಲೆ ಯಂತ್ರದ ತೆರಿಗೆ ಬೀಳುವುದು ಹೇಗೆ?

ಅಡಿಕೆ ಬೆಳೆಗಾರರ ಆತಂಕವನ್ನೂ ಇಲ್ಲಿ ಹೇಳಬೇಕು. ದೇಶದ ಅಡಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ಮಲೆನಾಡಿನ ಕೆಂಪಡಿಕೆಯ ದೊಡ್ಡ ಗಿರಾಕಿಗಳೇ ಪಾನ್ ಮಸಾಲಾ ಕಾರ್ಖಾನೆಗಳು. ಗುಟ್ಕಾ ನಿಷೇಧವಾದಾಗ ಧಾರಣೆ ಬಿದ್ದೇ ಹೋಗುತ್ತದೆಂಬ ಭಯವಿತ್ತು. ಪೊಟ್ಟಣ ಎರಡಾಗಿ ಅಡಿಕೆಯ ಬೇಡಿಕೆ ಉಳಿಯಿತು, 2014ರಲ್ಲಿ ಧಾರಣೆ ದಾಖಲೆಗೇ ಏರಿತ್ತು. ಆದರೆ ಪೊಟ್ಟಣದ ಮೇಲೇ ನಿಂತ ಧಾರಣೆ ರೈತನಿಗೆ ಎಷ್ಟು ದಿನದ ಆಸರೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಚರ್ಚಿಸುವ ಕಾಲ ಬಂದಿದೆ. ಅದು ಬೇರೆಯೇ ಲೇಖನದ ವಸ್ತು.

ನಿಯಮಗಳ ನೆರಳು ಎಳ್ಳಷ್ಟೂ ಬೀಳದವರು ಹೆಂಗಸರು. ದೇಶದಲ್ಲಿ ಶೇ 12.8ರಷ್ಟು ಹೆಂಗಸರು ಹೊಗೆರಹಿತ ತಂಬಾಕು ಬಳಸುತ್ತಾರೆ. ಸೇದುವವರು ಬಹಳ ಕಡಿಮೆ, ಆದ್ದರಿಂದ ಅವರ ಪಾಲಿಗೆ ತಂಬಾಕು ಎಂದರೆ ಇದೇ. ನಾಟಿಗೆ, ಕಳೆಗೆ ಹೋಗುವ ಹೆಂಗಸು ಸೊಂಟದ ಚೀಲದಿಂದ ಎಲೆ ತೆಗೆದು, ಉಗುರಿನಲ್ಲಿ ಸುಣ್ಣ ಸವರಿ, ಚಿಟಿಕೆ ಹೊಗೆಸೊಪ್ಪು ಇಟ್ಟು ಮಡಿಚಿಕೊಳ್ಳುವುದು ಹಸಿವು ಕಟ್ಟಲು, ಬಗ್ಗಿದ ಸೊಂಟದ ನೋವು ಮರೆಯಲು. ‘ಊಟ ಬಿಟ್ಟೇನು, ಇದ ಬಿಡಕ್ಕಾಗಲ್ಲ ಕಣವ್ವ’ ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಹಲ್ಲುನೋವಿಗೆಂದು ಮಿಶ್ರಿ ಉಜ್ಜಲು ಶುರು ಮಾಡಿ, ದಿನಕ್ಕೆ ನಾಲ್ಕು ಸಲ ಉಜ್ಜದಿದ್ದರೆ ತಲೆ ಸಿಡಿಯುವ ಸ್ಥಿತಿಗೆ ಬಂದವರೂ ಇದ್ದಾರೆ. ಅವರು ಶಾಲೆಯ ಪಕ್ಕದ ಅಂಗಡಿಗೆ ಹೋಗುವುದಿಲ್ಲ, ಅವರ ವಯಸ್ಸು 21 ದಾಟಿದೆ, ಗದ್ದೆಯ ಬದುವಿನಲ್ಲಿ ಉಗುಳಿದ್ದಕ್ಕೆ ಯಾರೂ ದಂಡ ಹಾಕುವುದಿಲ್ಲ. ಬಸುರಿಯಲ್ಲಿ ಈ ತಂಬಾಕು ಮಗುವಿನ ತೂಕ ಇಳಿಸುತ್ತದೆ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವ ಅಪಾಯ ಹೆಚ್ಚಿಸುತ್ತದೆ. ಅದನ್ನು ಅವರಿಗೆ ಹೇಳಿದವರು ಎಷ್ಟು ಮಂದಿ?

ಇದಕ್ಕೆ ಸಮೀಕ್ಷೆಯಲ್ಲಿ ಉತ್ತರವಿದೆ, ಮನಸ್ಸು ನೋಯಿಸುವ ಉತ್ತರ. ಆರೋಗ್ಯ ಸಿಬ್ಬಂದಿಯ ಹತ್ತಿರ ಹೋಗಿದ್ದ ಬಳಕೆದಾರರಲ್ಲಿ ‘ಬಿಡಿ’ ಎಂಬ ಸಲಹೆ ಸಿಕ್ಕಿದ್ದು ಸೇದುವವರ ಪೈಕಿ ಶೇ 48.8ರಷ್ಟು ಜನಕ್ಕೆ, ಜಗಿಯುವವರ ಪೈಕಿ ಶೇ 31.7ರಷ್ಟು ಜನಕ್ಕೆ ಮಾತ್ರ. ಅದೇ ಹೊಗೆರಹಿತ ತಂಬಾಕಿನವರಲ್ಲಿ ಬಿಡುವ ಯೋಚನೆ ಇದೆ ಎಂದವರು ಶೇ 49.6. ಅರ್ಧದಷ್ಟು ಜನ ಬಿಡಬೇಕೆಂದಿದ್ದಾರೆ, ಮೂರರಲ್ಲಿ ಇಬ್ಬರಿಗೆ ಯಾರೂ ಹೇಳಿಲ್ಲ. ಹೊಸ ನಿಯಮಗಳು ಅಂಗಡಿಯನ್ನೂ ಕಾರ್ಖಾನೆಯನ್ನೂ ಬೀದಿಯನ್ನೂ ತಲುಪುತ್ತವೆ. ಬಳಸುವವರ ಕೈಹಿಡಿಯುವ ಕೆಲಸವನ್ನು ಅವುಗಳಿಂದ ನಿರೀಕ್ಷಿಸುವಂತಿಲ್ಲ, ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ತೆರಿಗೆ ಏರಿಸುವ ಸರ್ಕಾರ ಅದರ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಇಡದಿದ್ದರೆ ಚಟದವನ ಮೇಲೆ ಭಾರ ಹೊರಿಸಿದ್ದಷ್ಟೇ ಆಗುತ್ತದೆ. ಈ ಮಾತನ್ನು ನಾನು ಪೂರ್ತಿ ನಂಬಿಯೇ ಬರೆಯುತ್ತಿದ್ದೇನೆ.

ವ್ಯವಸ್ಥೆ ಸೊನ್ನೆಯೇನೂ ಅಲ್ಲ. ಪೊಟ್ಟಣಗಳ ಮೇಲೇ ಮುದ್ರಿಸಿರುವ 1800-11-2356 ಸಂಖ್ಯೆ ರಾಷ್ಟ್ರೀಯ ತಂಬಾಕು ಬಿಡಿಸುವ ಸಹಾಯವಾಣಿಯದು, ಕರೆ ಉಚಿತ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದ್ದು ಕನ್ನಡದಲ್ಲೇ ಮಾತಾಡಬಹುದು. ಎಷ್ಟು ವರ್ಷದಿಂದ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕಾಗುತ್ತದೆ ಎಂದು ವಿಚಾರಿಸಿ, ಬಿಡುವ ದಿನವೊಂದನ್ನು ಗೊತ್ತು ಮಾಡಿಸಿ, ಆಮೇಲೆ ಅವರೇ ಕರೆ ಮಾಡಿ ಕೇಳುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರಗಳಿವೆ. ನಿಕೋಟಿನ್ ಚಿಕಿತ್ಸೆ 2022ರಲ್ಲಿ ದೇಶದ ಅಗತ್ಯ ಔಷಧಗಳ ಪಟ್ಟಿಗೆ ಸೇರಿದೆ. ಬಿಟ್ಟ ಮೊದಲ ಕೆಲವು ದಿನ ಸಿಡಿಮಿಡಿ, ತಲೆನೋವು, ನಿದ್ದೆಗೇಡು ಇರುತ್ತವೆ, ಕೆಲವರಿಗೆ ಬೆಳಿಗ್ಗೆ ಹೊಟ್ಟೆ ಸರಿಯಾಗುವುದಿಲ್ಲ. ಇವು ಕೆಲವು ವಾರಗಳಲ್ಲಿ ಇಳಿಯುತ್ತವೆ ಎಂದು ಮೊದಲೇ ಗೊತ್ತಿದ್ದವನು ಆ ವಾರಗಳನ್ನು ದಾಟುತ್ತಾನೆ. ಗೊತ್ತಿಲ್ಲದವನು ‘ನನ್ನ ಮೈಗೆ ಬಿಡುವುದು ಆಗಿಬರುವುದಿಲ್ಲ’ ಎಂದು ಮತ್ತೆ ಅಂಗಡಿಗೆ ಹೋಗುತ್ತಾನೆ.

ರಾಜ್ಯ ಮಾಡಬಹುದಾದ ಕೆಲಸಗಳಿಗೆ ಹೊಸ ಕಾಯ್ದೆಯೂ ಬೇಕಿಲ್ಲ. ಉಗುಳಿದವನ ಕೈಗೆ ಕೊಡುವ ದಂಡದ ರಸೀದಿಯ ಮೇಲೆ ಆ ಸಹಾಯವಾಣಿಯ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಲಿ. ನಿಕೋಟಿನ್ ಚೂಯಿಂಗ್ ಗಮ್ ಜಿಲ್ಲಾ ಆಸ್ಪತ್ರೆಯಲ್ಲಷ್ಟೇ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ವೈದ್ಯರ ಸಲಹೆಯ ಮೇಲೆ ಪುಕ್ಕಟೆ ಸಿಗಲಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಬಿಪಿ, ಸಕ್ಕರೆಯ ಜತೆ ಬಾಯನ್ನೂ ನೋಡಲಿ, ಮೂರು ಬೆರಳಿನ ಪರೀಕ್ಷೆಗೆ ಉಪಕರಣ ಬೇಡ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಬರೆಯುವ ಹಾಗೆ, ‘ಹೊಗೆಸೊಪ್ಪು, ಕಡ್ಡಿಪುಡಿ, ಮಿಶ್ರಿ ಏನಾದರೂ ಹಾಕ್ತೀಯೇನವ್ವ’ ಎಂದು ಗದರದೆ ಕೇಳಿ ಅದನ್ನೂ ಬರೆಯಲಿ. ಮುಂದಿನ ತಿಂಗಳು ತಪಾಸಣೆಗೆ ಬಂದಾಗ ಮತ್ತೊಮ್ಮೆ ಕೇಳಲಿ.